ಇಪ್ಪತ್ತು ದಿನದ ರಜೆ

ಗಡ್ಡ ಬಿಟ್ಟುಕೊಂಡು ಬಂದ ತಮ್ಮ, ಚೌಡೇಶ.
ಮಿಲಿಟರಿಯಲ್ಲಿ ಗಡ್ಡ ಬಿಡಕ್ಕೆ ಬಿಡ್ತಾರೇನೋ
ಎಂದು ಗಾಜನೂರಿನ ಬಸ್‌ಸ್ಟ್ಯಾಂಡಿನಲ್ಲೇ ಕೇಳಿದರು.
ನಮ್ಮಲ್ಲಿ ಬಿಡ್ತಾರೆ, ಅಂದ.
ನಮ್ಮಲ್ಲಿ ಅಂದರೆ ಎಲ್ಲಿ? ಅದಕ್ಕೆ ನಕ್ಕ.

ನೌಕಾಪಡೆಯ ಕಮಾಂಡೊ ಅಂತ ಗೊತ್ತಾದದ್ದೂ
ಅವನಿಂದಲ್ಲ, ಪೇದೆಯೊಬ್ಬ ವಿಚಾರಣೆಗೆ ಬಂದು
ಚಹಾ ಕುಡಿದು ಬಾಯಿ ಬಿಟ್ಟಾಗ.
ಯಾವ ಸಮುದ್ರ, ಯಾವ ಹಡಗು, ಯಾವ ರಾತ್ರಿ,
ಒಂದನ್ನೂ ಹೇಳಲಿಲ್ಲ.
ಹೇಳಿದ್ದು ಇಷ್ಟು: ಉಪ್ಪುನೀರು ಎತ್ತಿ ಹಿಡಿಯುತ್ತೆ ಅಕ್ಕಾ,
ನಮ್ಮ ತುಂಗೆ ಕೆಳಗೆ ಎಳೀತಾಳೆ.

ಈಜು ಕಲಿಸಿದವಳು ನಾನು.
ನಾಲೆಯ ಮೆಟ್ಟಿಲಲ್ಲಿ ಅವನ ಸೊಂಟಕ್ಕೆ ಹಳೇ ಬಲೆಯ ಹಗ್ಗ,
ಹಗ್ಗದ ತುದಿ ನನ್ನ ಮುಂಗೈಗೆ.
ಮುಳುಗು ಅನ್ನುವುದು, ಎಣಿಸುವುದು.
ನಲವತ್ತಕ್ಕೆ ಎಳೆದುಬಿಡುತ್ತಿದ್ದೆ.
ಒಂದು ದಿನ ಎಳೆದರೆ ಹಗ್ಗ ಮಾತ್ರ ಬಂತು.
ಎದೆ ಒಡೆದು ನಿಂತಿದ್ದೇನೆ, ಆಚೆ ದಡದಲ್ಲಿ ಕೂತು
ಪೇರಲೆ ಕಚ್ಚುತ್ತಿದ್ದಾನೆ ಭಡವ.
ಅವನು ಪಡೆಗೆ ಸೇರಿದ್ದು ಆವತ್ತೇ, ನನ್ನ ಲೆಕ್ಕದಲ್ಲಿ.

ರಜೆಯಲ್ಲಿ ಏನು ಮಾಡಿದ?
ಬಲೆ ಹೆಣೆದ. ಅಪ್ಪನ ಉಕ್ಕಡಕ್ಕೆ ಟಾರು ಬಳಿದ.
ಎಲ್ಲಿ ಕೂತರೂ ಗೋಡೆಗೆ ಬೆನ್ನು, ಬಾಗಿಲಿಗೆ ಮುಖ.
ಮಸಾಲೆದೋಸೆಯನ್ನೂ ಯಾರೋ
ಗಡಿಯಾರ ಹಿಡಿದು ನಿಂತವರ ಹಾಗೆ ತಿಂದ.
ಪಟಾಕಿ ಸದ್ದಿಗೆ ಬೆಚ್ಚಲಿಲ್ಲ;
ನಾಯಿ ಬೊಗಳುವುದು ನಿಲ್ಲಿಸಿದರೆ ಎದ್ದು ಕೂರುತ್ತಿದ್ದ.

ಹದಿನೇಳನೆಯ ದಿನ
ಶಿವಮೊಗ್ಗದಿಂದ ಮೂರು ಹುಡುಗರು ಒಂದೇ ಬೈಕಿನಲ್ಲಿ ಬಂದರು.
ಹೊತ್ತಿಳಿಯುವಾಗ ದಡದಲ್ಲಿ ಇಬ್ಬರು,
ಚಪ್ಪಲಿ ಮೂರು ಜೊತೆ.
ಅಗ್ನಿಶಾಮಕದವರು ಪಾತಾಳಗರಡಿ ಎಸೆದೆಸೆದು
ಸೀರೆ ತುಂಡು, ಟ್ಯೂಬು, ಯಾರದೋ ಕೊಡ ಎತ್ತಿದರು.
ಹುಡುಗನ ತಾಯಿ ಅಳುತ್ತಿರಲಿಲ್ಲ.
ಅವನ ಮೊಬೈಲು ಹಿಡಿದು
ರಿಂಗಾದಾಗೆಲ್ಲ ಎತ್ತಿ, ಬರ್ತಾನೆ, ಅನ್ನುತ್ತಿದ್ದಳು.

ಚೌಡೇಶ ಅಂಗಿ ಬಿಚ್ಚಿದ. ಬೆನ್ನ ಮೇಲೊಂದು ಹೊಲಿಗೆಯ ಗೆರೆ,
ನಾನು ನೋಡಿದ್ದೇ ಆಗ.
ಮುಳುಗಿದ. ಎಣಿಸಿದೆ.
ನಲವತ್ತು. ತೊಂಬತ್ತು. ನೂರ ಅರವತ್ತು.
ಬಾಯಿ ಒಣಗಿ ಅಂಕಿ ತಪ್ಪಿತು, ಮತ್ತೆ ಒಂದರಿಂದ.
ಮೇಲೆ ಬಂದ, ಬರಿಗೈ.
ಹನ್ನೊಂದು ಸಲ ಹೋದ.
ನೀರನ್ನು ಗದ್ದೆಯ ಮಡಿಗಳ ಹಾಗೆ ಭಾಗ ಮಾಡಿಕೊಂಡು ಹುಡುಕುತ್ತಿದ್ದ,
ಅಲ್ಲಿ ಕಲಿಸಿದಂತೆ, ಶಿಸ್ತಾಗಿ, ತಪ್ಪಿಲ್ಲದೆ.

ಗೇಟು ನಿನ್ನೆ ಇಳಿಸಿದ್ದಾರೆ ಕಣೋ, ಅಂದೆ.
ಇಳಿಸಿದ ಮಾರನೇ ದಿನ ಹೊಳೆ ಹಿಂದಕ್ಕೆ ತಿರುಗುತ್ತೆ,
ಹಳೇ ಪಂಪ್‌ಹೌಸಿನ ಗೋಡೆ ಸಂದಿಗೆ.
ನನ್ನ ಬಲೆ ಕಳೆದರೂ ಅಲ್ಲೇ ಸಿಗೋದು.
ಸರಿ, ಅಂದ. ಅಪ್ಪಣೆಗೆ ಹೇಳುವ ಸರಿ ಅದು.
ಸೀರೆ ಸಿಕ್ಕಿಸಿ ನಾನೂ ಇಳಿದೆ.
ಕೆಳಗೆ ಕಣ್ಣಿಗೆ ಕೆಲಸವಿಲ್ಲ.
ಪಾಚಿ, ಇಟ್ಟಿಗೆ, ಮತ್ತೆ ಪಾಚಿ,
ಮತ್ತೆ ಒಂದು ಕಾಲ್ಬೆರಳು.
ನಾನು ತಲೆ ಹಿಡಿದೆ, ಅವನು ಕಾಲು.
ನಿದ್ದೆಹೋದ ಮಗುವನ್ನು ಚಾಪೆಯಿಂದ ಚಾಪೆಗೆ
ಮಲಗಿಸುವ ಹಾಗೆ ತಂದೆವು.

ಪೇಪರಿನವನು ಹೆಸರು ಕೇಳಿದ.
ಚೌಡೇಶ ಒದ್ದೆ ಗಡ್ಡ ಹಿಂಡುತ್ತ,
ನನ್ನದು ಬರೆಯಂಗಿಲ್ಲ ಸರ್, ಇವಳದ್ದು ಬರ್ಕೊಳ್ಳಿ.
ಮೀನು ಮಾರುವ ದುಗ್ಗಮ್ಮ, ನಾಲ್ಕು ಸಾಲು,
ಚಿನ್ನದ ದರದ ಕೆಳಗೆ. ವಯಸ್ಸು ತಪ್ಪು.
ಆ ತಾಯಿ ಓದಿದಳೋ ಇಲ್ಲವೋ.

ಮೊನ್ನೆ ರೈಲು ಹತ್ತಿಸಿ ಬಂದೆ.
ಎಲ್ಲಿಗೆ ಟಿಕೆಟ್ಟು ಎಂದು ಕೇಳಲಿಲ್ಲ.
ಕಿಟಕಿಯಿಂದ ಕೈಚಾಚಿ ನನ್ನ ಮುಂಗೈ ಒತ್ತಿದ,
ಹಗ್ಗ ಕಟ್ಟುತ್ತಿದ್ದ ಜಾಗ.

ಕಾಟ್ಲಾ ಹೆಚ್ಚುವಾಗ, ಚಿಲ್ಲರೆ ಎಣಿಸುವಾಗ
ಒಳಗೆ ಇನ್ನೊಂದು ಎಣಿಕೆ ನಡೆದೇ ಇರುತ್ತೆ.
ಒಂದು ಲಕ್ಷದ ಎಪ್ಪತ್ತು ಸಾವಿರ,
ಎಪ್ಪತ್ತು ಸಾವಿರದ ಒಂದು.
ನಲವತ್ತು ಯಾವಾಗಲೋ ದಾಟಿತು.
ತಲೆ ಹಾಕ್ಲಾ ಬೇಡ್ವಾ, ಬೇಗ ಹೇಳಿ.